ಮುಕ್ಕಾಲು ಸುತ್ತು

ಹತ್ತು ನಿಮಿಷ ಇಂಜಿನ್ ಓಡಿಸಿ
ಬಿಸಿಯಾದ ಎಣ್ಣೆ ಇಳಿಸಿದೆ
ನೀಲಿ ಕ್ಯಾನು ಕೊಯ್ದು ಮಾಡಿದ ಬೋಗುಣಿಗೆ.
ಮೊದಲು ಧಾರೆ, ಆಮೇಲೆ ನೂಲು, ಆಮೇಲೆ ತೊಟ್ಟು.
ಅಲ್ಲಿಗೆ ಸಲೀಸು.
ಇನ್ನು ಈ ಫಿಲ್ಟರು:
ಹಬ್ಬ ಮುಗಿದರೂ ಏಳದ ಅಳಿಯನ ಹಾಗೆ
ಕೂತಲ್ಲೇ ಕೂತಿದೆ.

ಗುತ್ತಲು ರಸ್ತೆಯ ನಮ್ಮ ಮನೆ ಪಕ್ಕ
ಯಾರದೋ ಖಾಲಿ ಸೈಟು. ಪಾರ್ಥೇನಿಯಂ ಕಿತ್ತು
ಗೋಣಿಚೀಲ ಹಾಸಿ ಲಾರಿಯ ಹೊಟ್ಟೆಯಡಿ ಮಲಗಿದ್ದೇನೆ.
ನಾಳೆ ಆರಕ್ಕೆ ಬಸರಾಳಿನಲ್ಲಿ ಕಬ್ಬಿನ ಲೋಡು.
ಗ್ಯಾರೇಜಿನ ಮುನಾವರ್
ಮದುವೆಗೆಂದು ಚನ್ನಪಟ್ಟಣಕ್ಕೆ ಹೋದವನು
ಫೋನೂ ಎತ್ತುತ್ತಿಲ್ಲ.

ಬರಿಗೈ ಹಾಕಿದೆ, ಜಾರಿತು.
ಹಳೇ ಬನಿಯನ್ನು ಸುತ್ತಿ ಹಿಡಿದೆ,
ಬನಿಯನ್ನು ತಿರುಗಿತು, ಫಿಲ್ಟರು ಇಲ್ಲ.
ಉಪ್ಪುಕಾಗದ ಸುತ್ತಿದೆ, ಅಂಗೈ ಸಿಪ್ಪೆ ಎದ್ದಿತು.
ಫ್ಯಾನ್‌ಬೆಲ್ಟು ಬಿಗಿದು ರಾಡು ಸಿಕ್ಕಿಸಿ ಎಳೆದರೆ
ರಾಡು ಬಂದು ಮೊಣಕೈಗೆ ಬಡಿಯಿತು.
ನಡುವೆ ಒಂದು ಅನುಮಾನ:
ಅಂಗಾತ ಮಲಗಿದವನಿಗೆ
ಬಿಚ್ಚುವುದು ಯಾವ ಕಡೆ, ಬಿಗಿಯುವುದು ಯಾವ ಕಡೆ?
ನೀರಿನ ಬಾಟಲಿ ತಲೆಕೆಳಗು ಹಿಡಿದು
ಮುಚ್ಚಳ ತಿರುಗಿಸಿ ನೋಡಿಕೊಂಡೆ.
ಅಂಗಿಯೆಲ್ಲ ನೀರು. ದಿಕ್ಕು ಸರಿಯೇ ಇತ್ತು.

ರಾಜಮಣಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂದಳು:
"ಸ್ಕ್ರೂಡ್ರೈವರ್ ಹೊಡ್ದು ತೂರ್ಸಿ ತಿರುಗ್ಸು.
ಬೋರಲಿಂಗಣ್ಣ ಹಂಗೇ ತಗ್ದಿದ್ದ ಒಂದ್ಸಲ."
ಆರು ತಿಂಗಳಿಂದ ಈ ಮನೆಯಲ್ಲಿ
ಯಾರೂ ಆ ಹೆಸರು ಎತ್ತಿರಲಿಲ್ಲ.

ಹೊಡೆದೆ. ಈ ಕಡೆ ಹೊಕ್ಕು ಆ ಕಡೆ ಬಂತು.
ತಿರುಗಿಸಿದರೆ ತಗಡು
ಹಳೇ ಸೀರೆಯಂತೆ ಪರ್ರನೆ ಹರಿಯಿತು.
ಒಳಗುಳಿದ ಎಣ್ಣೆ ಮೊಣಕೈಗೆ, ಕಂಕುಳಿಗೆ, ಕಿವಿಯೊಳಕ್ಕೆ.
ಫಿಲ್ಟರು ಅಲ್ಲೇ.

ಮಗಳು ಸ್ಪಂದನ ಯಾರನ್ನೂ ಕೇಳದೆ
ಸೈಕಲ್ ಹತ್ತಿ ಹೋಗಿದ್ದಳು.
ಬರುವಾಗ ಹ್ಯಾಂಡಲಿಗೆ ಚೈನ್ ಪಾನ ನೇತಾಡುತ್ತಿತ್ತು.
ಯಾರದ್ದೆಂದು ನಾನು ಕೇಳಲಿಲ್ಲ;
ಹಿಡಿಗೆ ಸುತ್ತಿದ ಕೆಂಪು ಟೇಪು ನನಗೆ ಗೊತ್ತು.
"ಮಾವ ಏನಂದ್ರೇ?" ಅಂದಳು ರಾಜಮಣಿ.
"'ಕೊನೇಲಿ ಬಿಗ್ದಿದ್ದು ನಿಮ್ಮಪ್ಪ ತಾನೇ?
ಹಂಗಾದ್ರೆ ಬರಾಕಿಲ್ಲ ಬುಡು' ಅಂದ್ರು.
ಅಂದ್ಬುಟ್ಟು ಇದ ಕೊಟ್ರು."

ಹೌದು, ನಾನೇ.
ಲೆಕ್ಕ ಚುಕ್ತಾ ಮಾಡಿಕೊಂಡ ಸಂಜೆ
ಬಾಗಿಲ ಮೇಲಿನ ಎರಡು ಹೆಸರಲ್ಲಿ
ಒಂದಕ್ಕೆ ಹಸಿರು ಬಣ್ಣ ಬಳಿದು,
ಬಣ್ಣ ಒಣಗುವ ಮೊದಲೇ ಇಲ್ಲಿ ನುಗ್ಗಿ,
ಹೊಸ ಫಿಲ್ಟರು ಕೈಯಲ್ಲಿ ಕೂರಿಸಿ,
ಸಾಲದೆಂದು ಬೆಲ್ಟು ಹಾಕಿ,
ಅದೂ ಸಾಲದೆಂದು ರಾಡಿಗೆ ಕಾಲು ಕೊಟ್ಟು ಬಿಗಿದಿದ್ದೆ.
ಆ ದಿನ ಕೈಗೆ ಸಿಕ್ಕಿದ್ದು ಇದೊಂದೇ.
ಕಲಿಸಿದವನು ಅವನು:
ರಬ್ಬರು ಮುಟ್ಟಿದ ಮೇಲೆ ಮುಕ್ಕಾಲು ಸುತ್ತು,
ಅದಕ್ಕೂ ಮೇಲೆ ಬಿಗಿದೋನು
ಮುಂದೆ ಬಿಚ್ಚೋನಿಗೆ ಹಗೆ.

ತಗಡು ಹರಿಯದೆ ಉಳಿದಿದ್ದ ಬುಡಕ್ಕೆ ಚೈನು ಸುತ್ತಿದೆ.
ಸ್ಪಂದನ ಟಾರ್ಚು ಹಿಡಿದಳು,
ಬೆಳಕು ಒಮ್ಮೆ ಅಲ್ಲಿ, ಒಮ್ಮೆ ನನ್ನ ಕಣ್ಣಿಗೆ.
ಎಳೆದೆ. ಏನಿಲ್ಲ.
ಲಾರಿಯೇ ಅಲುಗಿತೆನ್ನುವಷ್ಟು ಎಳೆದೆ.
ಚಿಲಕ ಸರಿದಷ್ಟು ಸಣ್ಣ ಸದ್ದು.
ಆಮೇಲೆ ಎರಡೇ ಬೆರಳಿಗೆ ಬಂತು,
ಇಷ್ಟು ಹೊತ್ತು ಹಠ ಹಿಡಿದದ್ದು ತಾನಲ್ಲ ಎಂಬಂತೆ.

ಹಳೇ ರಬ್ಬರು ಇಂಜಿನ್ನಿಗೇ ಅಂಟಿತ್ತು. ಉಗುರಲ್ಲಿ ಎಬ್ಬಿಸಿದೆ.
ಹೊಸದಕ್ಕೆ ಬೆರಳಲ್ಲಿ ಎಣ್ಣೆ ಸವರಿ ಕೂರಿಸಿದೆ.
ಮುಟ್ಟಿತು. ಕಾಲು. ಅರ್ಧ. ಮುಕ್ಕಾಲು.
ಕೈ ಇನ್ನೊಂಚೂರು ಅಂತು.
ಕೈ ತೆಗೆದೆ.

ಹೊಸ ಎಣ್ಣೆ ಸುರಿದು, ಇಂಜಿನ್ ಹಾಕಿ,
ಕೆಳಗೆ ರಟ್ಟು ಹಾಸಿ ಮೂವರೂ ಬಗ್ಗಿ ಕಾದೆವು.
ಒಂದು ತೊಟ್ಟೂ ಇಲ್ಲ.
ಸೀಮೆಎಣ್ಣೆ, ಸೋಪಿನಪುಡಿ, ತೆಂಗಿನ ನಾರು ಹಾಕಿ ಉಜ್ಜಿದರೂ
ಮುದ್ದೆ ಮುರಿದಾಗ ಇಂಜಿನ್ ವಾಸನೆ.

"ಪಾನ ಕೊಟ್ಬುಟ್ಟು ಬರ್ಲಾ?" ಅಂದಳು ಮಗಳು.
"ಈಗ ಬ್ಯಾಡ, ಕತ್ಲು," ಅಂದೆ.
ಒರೆಸಿ ಸೀಟಿನಡಿ ಇಟ್ಟೆ,
ಅವನು ಇಡುತ್ತಿದ್ದ ಮೂಲೆಯಲ್ಲೇ.
ಬಾಗಿಲು ಹಾಕುವಾಗ ಟಾರ್ಚಿನ ಬೆಳಕಿಗೆ
ಹಸಿರಿನಡಿ 'ಬೋ' ಇನ್ನೂ ಕಾಣುತ್ತಿತ್ತು.
ಎರಡು ಕೋಟು ಬಳಿಯಬೇಕಿತ್ತು.